ಹೊಸ ಕಾರ್ಯಾಚರಣ ವ್ಯವಸ್ಥೆ ಮತ್ತು ನಮ್ಮ ಹಳೆಯ ಕನ್ನಡ ಕಡತಗಳು

ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಇದರ ಪರಿಣಾಮವಾಗಿ ವಿಶ್ವವಿದ್ಯಾಲಯಗಳ ಗಣಕಯಂತ್ರಗಳು ಒಂದೊಂದಾಗಿ ವಿಂಡೋಸ್ 11ಕ್ಕೆ ಬದಲಾಗುತ್ತಿವೆ, ಇಲ್ಲವೆ ಹಳೆಯ ಯಂತ್ರಗಳೇ ಹೋಗಿ ಹೊಸವು ಬರುತ್ತಿವೆ. ಇತರ ವಿಭಾಗಗಳಿಗೆ ಇದು ಒಂದು ದಿನದ ಅಡಚಣೆ ಮಾತ್ರ. ಕನ್ನಡ ವಿಭಾಗಗಳಿಗೆ, ಅದರಲ್ಲಿಯೂ ಹೊರನಾಡಿನವಕ್ಕೆ, ಹಾಗಲ್ಲ. ಕರ್ನಾಟಕದ ಯಾವುದೇ ಡಿ.ಟಿ.ಪಿ. ಅಂಗಡಿಯವರು ನುಡಿ ಫಾಂಟಿನ ಕಡತವನ್ನು ಕಂಡೊಡನೆ ಗುರುತಿಸಬಲ್ಲರು. ದೆಹಲಿಯ ಅಥವಾ ಪುಣೆಯ ತಂತ್ರಜ್ಞನ ಕಣ್ಣಿಗೆ ಅದು ಕೆಟ್ಟುಹೋದ ಕಡತ. ಅವನು ಅದನ್ನು ಅಳಿಸಿಹಾಕಿದರೆ ತಪ್ಪು ಅವನದೆನ್ನಲು ಬರುವುದಿಲ್ಲ. ಆದಕಾರಣ ಬದಲಾವಣೆಗೆ ಮೊದಲು ಮಾಡಬೇಕಾದ ಕೆಲಸವನ್ನು ಸಂಶೋಧಕರೇ ಅರಿತಿರುವುದು ಅಗತ್ಯ.

ಕನ್ನಡಕ್ಕೂ ಕಾರ್ಯಾಚರಣ ವ್ಯವಸ್ಥೆಗೂ ಇರುವ ಸಂಬಂಧವನ್ನು ಮೊದಲು ತಿಳಿಯಬೇಕು. ಇಂಗ್ಲಿಷಿನಲ್ಲಿ ಅಕ್ಷರಗಳು ಒಂದರ ಪಕ್ಕದಲ್ಲೊಂದು ನಿಂತರೆ ಸಾಕು. ಕನ್ನಡದಲ್ಲಿ ಗುಣಿತವಿದೆ, ಒತ್ತಕ್ಷರವಿದೆ, ಅರ್ಕಾವತ್ತಿದೆ. ಇವುಗಳನ್ನು ಯಾರು ಜೋಡಿಸಬೇಕು? ಈ ಪ್ರಶ್ನೆಗೆ ಮೂರು ಕಾಲಘಟ್ಟಗಳಲ್ಲಿ ಮೂರು ಬೇರೆ ಉತ್ತರಗಳು ದೊರೆತವು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡು ಬಳಕೆಯಲ್ಲಿದ್ದ ಡಾಸ್ ಕಾಲದಲ್ಲಿ ಈ ಜೋಡಣೆಯನ್ನು ಯಂತ್ರದೊಳಗೆ ಸಿಕ್ಕಿಸಿದ ಒಂದು ಬಿಲ್ಲೆಯೇ ಮಾಡುತ್ತಿತ್ತು. ಅನಂತರ ಬಂದ ನುಡಿ, ಬರಹ, ಶ್ರೀಲಿಪಿ, ಆಕೃತಿ ಮುಂತಾದವುಗಳ ಆರಂಭದ ಆವೃತ್ತಿಗಳಲ್ಲಿ ಫಾಂಟು ಮತ್ತು ಕೀಲಿಮಣೆಯ ತಂತ್ರಾಂಶ ಸೇರಿ ಅದನ್ನು ಮಾಡಿದವು. ಯೂನಿಕೋಡಿನಲ್ಲಿ ಆ ಹೊಣೆ ಕಾರ್ಯಾಚರಣ ವ್ಯವಸ್ಥೆಯದು. ಕಡತದಲ್ಲಿರುವುದು ಉಚ್ಚಾರಣೆಯ ಕ್ರಮದಲ್ಲಿ ನಿಂತ ವ್ಯಂಜನ, ವಿರಾಮ, ಸ್ವರಚಿಹ್ನೆಗಳು ಮಾತ್ರ. ಅವು ಅಕ್ಷರದ ಆಕಾರವನ್ನು ತಾಳುವುದು ಪರದೆಯ ಮೇಲೆ. ಯೂನಿಕೋಡಿನ ಮೊದಲನೆಯ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡವಿತ್ತು. ಆದರೆ ಕನ್ನಡವನ್ನು ಜೋಡಿಸಬಲ್ಲ ವಿಂಡೋಸ್ ದೊರೆಯಲು 2001ರ ಎಕ್ಸ್‌ಪಿ ಬರಬೇಕಾಯಿತು. 1995ರ ಆಗಸ್ಟಿನಲ್ಲಿ ವಿಂಡೋಸ್ 95ಕ್ಕಾಗಿ ಅನ್ಯದೇಶಗಳಲ್ಲಿ ಜನ ನಡುರಾತ್ರಿಯಲ್ಲಿ ಅಂಗಡಿಗಳ ಮುಂದೆ ಕಾದುನಿಂತಿದ್ದರು. ಕನ್ನಡಿಗರ ನಿರೀಕ್ಷೆ ಅದರಾಚೆಗೆ ಇನ್ನೂ ಆರು ವರ್ಷ ಮುಂದುವರಿಯಿತು.

ಈ ನಿರೀಕ್ಷೆಯ ಕಾಲದಲ್ಲಿಯೂ, ಅಭ್ಯಾಸಬಲದಿಂದ ಅದರ ಅನಂತರದ ಹಲವು ವರ್ಷಗಳಲ್ಲಿಯೂ, ನಮ್ಮ ಮಹಾಪ್ರಬಂಧಗಳು, ಸಂಪಾದಿತ ಕಾವ್ಯಗಳು, ಪದಸೂಚಿಗಳು ಸಿದ್ಧವಾದದ್ದು ಎರಡನೆಯ ಘಟ್ಟದ ಫಾಂಟುಗಳಲ್ಲಿ. ಅವುಗಳ ರಹಸ್ಯ ಸರಳವಾದದ್ದು. ಇಂಗ್ಲಿಷಿಗೂ ಐರೋಪ್ಯ ಭಾಷೆಗಳಿಗೂ ಮೀಸಲಾದ 256 ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಲಾಗಿತ್ತು. ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬೆರಳಚ್ಚು ಮಾಡಿದರೆ ಕಡತದೊಳಗೆ ಸೇರುವುದು ಇಂಗ್ಲಿಷಿನ ದೊಡ್ಡ ‘ಪಿ’, ನೆತ್ತಿಯ ಮೇಲೆ ಓರೆಗೆರೆಯುಳ್ಳ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಜೋಡಿ ‘ಎಸ್’, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಮ್ಮೆ ಅದೇ ‘ಎ’. ಫಾಂಟು ಇರುವವರೆಗೆ ಇದು ಕನ್ನಡ. ಫಾಂಟು ಹೋದೊಡನೆ ಯಾವ ಭಾಷೆಯೂ ಅಲ್ಲ. ಓಲೆಗರಿಗೆ ಹುಳು ಹಿಡಿದರೆ ಅಲ್ಲಲ್ಲಿ ತ್ರುಟಿತವಾದ ಪಾಠವಾದರೂ ಉಳಿಯುತ್ತದೆ. ಇಲ್ಲಿ ಸಂಕೇತಗಳೆಲ್ಲ ಅಕ್ಷತವಾಗಿದ್ದೂ ಪಾಠ ಓದಲಾಗದಂತಾಗುತ್ತದೆ.

ಹೊಸ ವ್ಯವಸ್ಥೆಯ ಸ್ಥಾಪನೆಯಲ್ಲಿ ಎರಡು ಬಗೆಗಳಿವೆ. ಇದ್ದ ವ್ಯವಸ್ಥೆಯ ಮೇಲೆಯೇ ಹೊಸದನ್ನು ಹಾಕುವುದು ಒಂದು. ತಟ್ಟೆಯನ್ನು ಬರಿದುಮಾಡಿ ಮೊದಲಿನಿಂದ ಹಾಕುವುದು ಇನ್ನೊಂದು. ಮೊದಲನೆಯದರಲ್ಲಿ ಕಡತಗಳೂ ಫಾಂಟುಗಳೂ ಸಾಮಾನ್ಯವಾಗಿ ಉಳಿಯುತ್ತವೆ. ಎರಡನೆಯದರಲ್ಲಿ ಏನೂ ಉಳಿಯುವುದಿಲ್ಲ. ಗಣಕ ಕೇಂದ್ರದವರು ಎರಡನೆಯದನ್ನೇ ಮೆಚ್ಚುತ್ತಾರೆ, ಅವರ ದೃಷ್ಟಿಯಿಂದ ಅದು ನಿರ್ಮಲವಾದ ಮಾರ್ಗ. ಅವರು ಸಂಶೋಧಕರ ಕಡತಗಳನ್ನು ಬೇರೆಡೆ ನಕಲುಮಾಡಿ ಹಿಂದಿರುಗಿಸುತ್ತಾರೆಂಬುದು ನಿಜ. ಆದರೆ ಫಾಂಟುಗಳಿರುವುದು ವಿಂಡೋಸಿನ ಸ್ವಂತ ಕೋಶದಲ್ಲಿ, ಅವುಗಳನ್ನು ತೆಗೆದಿರಿಸಬೇಕೆಂದು ಯಾರಿಗೂ ತೋಚುವುದಿಲ್ಲ. ಇನ್ನೊಂದು ತೊಡಕು ಹಳೆಯ ತಂತ್ರಾಂಶಗಳದು. ವಿಂಡೋಸ್ 11 ಕೇವಲ 64 ಬಿಟ್ ರೂಪದಲ್ಲಿ ದೊರೆಯುತ್ತದೆ, ಅದರಲ್ಲಿ 16 ಬಿಟ್ ಕಾಲದ ಕ್ರಮವಿಧಿಗಳು ಓಡುವುದಿಲ್ಲ. ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ 2001ರದು. ಅದರಲ್ಲಿ ಪುಟಕಟ್ಟಿದ ಗ್ರಂಥಗಳ ಕಡತಗಳನ್ನು ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನಿನ ಈಚಿನ ಆವೃತ್ತಿಗಳು ತೆರೆಯಲಾರವು. ಅಂತಹ ಕಡತಗಳನ್ನು ಹಳೆಯ ಯಂತ್ರ ನಡೆಯುತ್ತಿರುವಾಗಲೇ ತೆರೆದು, ಪಠ್ಯವನ್ನು ಹೊರತೆಗೆದುಕೊಳ್ಳತಕ್ಕದ್ದು.

ಇಷ್ಟಕ್ಕೆ ಪರಿಹಾರವಾಗಿ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿಬಿಡಬಹುದಲ್ಲವೇ ಎಂದು ಕೇಳುವವರಿದ್ದಾರೆ. ಪರಿವರ್ತಿಸಲೇಬೇಕು, ಪರಿವರ್ತಕಗಳು ನುಡಿ, ಬರಹ ತಂತ್ರಾಂಶಗಳೊಡನೆಯೇ ದೊರೆಯುತ್ತವೆ. ಆದರೆ ಪರಿವರ್ತಕವನ್ನು ಪ್ರತಿಕಾರನೆಂದು ಭಾವಿಸಿ ಅವನ ಕೈತಪ್ಪುಗಳನ್ನು ಹುಡುಕುವುದು ಗ್ರಂಥಸಂಪಾದಕನ ಧರ್ಮ. ಈ ಪ್ರತಿಕಾರನು ಎಡವುವ ಸ್ಥಳಗಳು ನಿಶ್ಚಿತವಾಗಿವೆ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ಅನಂತರ ಇರುತ್ತದೆ. ಯೂನಿಕೋಡಿನಲ್ಲಿ ರಕಾರವು ಉಚ್ಚಾರಣೆಯಂತೆ ಮೊದಲು ಬರಬೇಕು. ‘ಕೀರ್ತಿ’ ಎಂಬಲ್ಲಿ ಅದು ‘ತಿ’ ಎಂಬ ಗುಣಿತಾಕ್ಷರವನ್ನು ಪೂರ್ತಿಯಾಗಿ ದಾಟಿ ಹಿಂದಕ್ಕೆ ಹೋಗಬೇಕು. ಅನುಸ್ವಾರದ ಸ್ಥಾನದಲ್ಲಿ ಸೊನ್ನೆಯನ್ನು ಹೊಡೆದಿರುವ ಬೆರಳಚ್ಚುಗಾರರ ಕೃಪೆಯನ್ನೂ ಇಲ್ಲಿ ನೆನೆಯಬೇಕು: ಕಣ್ಣಿಗೆ ಎರಡೂ ಒಂದೇ, ಹುಡುಕಾಟದಲ್ಲಿ ಎರಡೂ ಬೇರೆ.

ಹಳಗನ್ನಡದ ಅಭ್ಯಾಸಿಗಳಿಗೆ ನಿಜವಾದ ಆತಂಕವಿರುವುದು ಱ ಮತ್ತು ೞ ಅಕ್ಷರಗಳಲ್ಲಿ. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಈ ಭೇದ ಅಳಿಯುತ್ತಿದ್ದುದನ್ನು ಅರಿತೇ 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರದ ಶಬ್ದಗಳನ್ನು ಎಣಿಸಿಟ್ಟನು. ಎಂಟು ಶತಮಾನಗಳ ಸಮೀಪಕ್ಕೆ ಬಂದ ಮೇಲೆ ಅದೇ ಭೇದವನ್ನು ಒಂದು ಪರಿವರ್ತಕವು ಕ್ಷಣದಲ್ಲಿ ಅಳಿಸಬಲ್ಲದು. ಏಕೆಂದರೆ ಒಂದು ಫಾಂಟಿನಲ್ಲಿ ಈ ಅಕ್ಷರಗಳಿದ್ದ ಸ್ಥಾನದಲ್ಲಿಯೇ ಇನ್ನೊಂದರಲ್ಲಿಯೂ ಇರಬೇಕೆಂಬ ನಿಯಮವಿರಲಿಲ್ಲ. ಯೂನಿಕೋಡಿನಲ್ಲಿ ಎರಡಕ್ಕೂ ಸ್ಥಾನವುಂಟು. ೞಕಾರಕ್ಕೆ ಅದರ ಪಟ್ಟಿಯಲ್ಲಿ ತಪ್ಪಾಗಿ ‘ಎಫ್‌ಎ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದು, ಪಕ್ಕದಲ್ಲಿ ತಿದ್ದುಪಡಿಯ ಪರ್ಯಾಯನಾಮವನ್ನು ಪಡೆದಿದೆ. ಪಂಪನ ಪಠ್ಯವನ್ನು ಪರೀಕ್ಷಿಸುವ ವಿದ್ಯಾರ್ಥಿ ಆ ಹೆಸರನ್ನು ಕಂಡು ಗಾಬರಿಯಾಗಬೇಕಾಗಿಲ್ಲ.

ಆದುದರಿಂದ ನಾವು ಸೂಚಿಸುವ ಕ್ರಮ ಹೀಗಿದೆ. ಹಳೆಯ ಯಂತ್ರದಲ್ಲಿ ಪ್ರತಿಯೊಂದು ಮುಖ್ಯ ಕಡತವನ್ನು ತೆರೆದು, ಸರಿಯಾಗಿ ಕಾಣುತ್ತಿದೆಯೆಂದು ನಿಶ್ಚಯಿಸಿಕೊಂಡು, ಪಿಡಿಎಫ್ ಆಗಿ ಉಳಿಸಬೇಕು. ಅದರಲ್ಲಿ ಫಾಂಟು ಅಡಕವಾಗುವುದರಿಂದ ಅದು ಛಾಯಾಪ್ರತಿಯಂತೆ ನಿಲ್ಲುತ್ತದೆ. ಅದರೊಳಗಿನ ಸಂಕೇತಗಳು ಹಳೆಯವೇ ಆದ್ದರಿಂದ ಕನ್ನಡದ ಹುಡುಕಾಟಕ್ಕೆ ಅದು ಒದಗದು, ಪಾಠ ಹೋಲಿಕೆಗೆ ಒದಗುತ್ತದೆ. ಮೂಲ ಕಡತವನ್ನು ತಿದ್ದದೆ ಹಾಗೆಯೇ ಇಡಬೇಕು. ಫಾಂಟುಗಳನ್ನೂ ತಂತ್ರಾಂಶದ ಸ್ಥಾಪನಾ ಕಡತವನ್ನೂ ಅದರ ಜೊತೆಯಲ್ಲಿಯೇ ಇರಿಸಿ, ಯಾವ ಕಡತಕ್ಕೆ ಯಾವ ಫಾಂಟೆಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ಯೂನಿಕೋಡ್ ಪ್ರತಿ ಮೂರನೆಯದು. ಅದನ್ನು ಪಿಡಿಎಫ್‌ನೊಡನೆ ಸಾಲುಸಾಲಾಗಿ ಓದಿ ನೋಡಿದ ಮೇಲೆಯೇ ಬಳಕೆಗೆ ತೆಗೆದುಕೊಳ್ಳಬೇಕು. ಇವೆಲ್ಲವೂ ಎರಡು ಬೇರೆ ತಟ್ಟೆಗಳಲ್ಲಿ, ಎರಡು ಬೇರೆ ಕಟ್ಟಡಗಳಲ್ಲಿ ಇದ್ದರೆ ಲೇಸು.

ಸ್ಥಾಪನೆಯ ದಿನದ ವಿಷಯ ಹೆಚ್ಚಿಲ್ಲ. ವಿಂಡೋಸ್ 11ಕ್ಕೆ 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಸಂಗ್ರಹ, ಟಿ.ಪಿ.ಎಂ. 2.0 ಎಂಬ ಸುರಕ್ಷಾಘಟಕ ಇರಬೇಕು; ಸಂಸ್ಕಾರಕವು ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರಬೇಕು. ಇದ್ದುದರ ಮೇಲೆಯೇ ಹಾಕಿದ್ದಾದರೆ ಹತ್ತು ದಿನಗಳೊಳಗೆ ಹಿಂದಿನ ವ್ಯವಸ್ಥೆಗೆ ಮರಳಬಹುದು. ಈ ಹತ್ತು ದಿನಗಳನ್ನು ಪರೀಕ್ಷೆಗೆ ಬಳಸಬೇಕು. ವಿಂಡೋಸ್ 10ರ ಕಾಲದಿಂದಲೇ ತುಂಗಾ ಫಾಂಟು ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಸರಿದು, ನಿರ್ಮಲಾ ಮುಖ್ಯ ಫಾಂಟಾಗಿದೆ. ತುಂಗಾದಲ್ಲಿ ಪುಟಕಟ್ಟಿದ ಪ್ರಬಂಧದ ಪುಟಸಂಖ್ಯೆಗಳು ಬದಲಾಗಿದ್ದರೆ ಆ ಪಟ್ಟಿಯಿಂದ ಕನ್ನಡದ ಪೂರಕ ಫಾಂಟುಗಳನ್ನು ಸೇರಿಸಿಕೊಳ್ಳಬೇಕು.

ಒಂದು ವಿಷಯಕ್ಕೆ ಮಾತ್ರ ವಿಶೇಷ ಎಚ್ಚರ ಬೇಕು. 2024ರ ಆವೃತ್ತಿಯಿಂದೀಚೆಗೆ ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ ತಟ್ಟೆಯು ತಾನಾಗಿ ಗೂಢಲಿಪಿಗೆ ಬದಲಾಗುತ್ತದೆ. ಅದನ್ನು ಬಿಡಿಸುವ ಕೀಲಿ ಆ ಖಾತೆಯಲ್ಲಿ ಸೇರುತ್ತದೆ. ವಿಭಾಗದ ಸಾಮಾನ್ಯ ಯಂತ್ರವನ್ನು ಸಂಶೋಧನ ವಿದ್ಯಾರ್ಥಿಯೊಬ್ಬನ ಖಾತೆಯಲ್ಲಿ ತೆರೆದು, ಆತ ಪದವಿ ಪಡೆದು ಹೊರಟುಹೋದರೆ, ಯಂತ್ರ ಕೀಲಿ ಕೇಳಿದ ದಿನ ವಿಭಾಗಕ್ಕೆ ದಾರಿಯಿರುವುದಿಲ್ಲ. ಕೀಲಿಯ 48 ಅಂಕಿಗಳನ್ನು ಮುದ್ರಿಸಿ ವಿಭಾಗದ ಕಪಾಟಿನಲ್ಲಿ ಇಡಬೇಕು.

ಹೊಸ ವ್ಯವಸ್ಥೆಗೆ ಅರ್ಹವಲ್ಲದ ಯಂತ್ರಗಳನ್ನು ಗುಜರಿಗೆ ಕಳುಹಿಸುವ ಅವಸರವೂ ಬೇಡ. ಲಿನಕ್ಸ್ ವ್ಯವಸ್ಥೆಯನ್ನು ಹಾಕಿದರೆ ಯೂನಿಕೋಡ್ ಕನ್ನಡಕ್ಕೆ ಅವು ಇನ್ನೂ ಕೆಲವು ವರ್ಷ ಒದಗುತ್ತವೆ. ಹಳೆಯ ವಿಂಡೋಸನ್ನೇ ಉಳಿಸಿಕೊಂಡ ಒಂದು ಯಂತ್ರವಾದರೂ, ಜಾಲಸಂಪರ್ಕವನ್ನು ಕಡಿದುಹಾಕಿದ ಸ್ಥಿತಿಯಲ್ಲಿ, ಪ್ರತಿ ಕನ್ನಡ ವಿಭಾಗದಲ್ಲಿ ಇರಬೇಕೆಂಬುದು ನಮ್ಮ ಅಭಿಪ್ರಾಯ. ಅದರ ಮೇಲೆ ‘ಅಳಿಸಬಾರದು’ ಎಂಬ ಚೀಟಿಯನ್ನು ಕನ್ನಡದ ಜೊತೆಗೆ ಇಂಗ್ಲಿಷಿನಲ್ಲಿಯೂ, ಆ ಊರಿನ ಭಾಷೆಯಲ್ಲಿಯೂ ಬರೆದು ಅಂಟಿಸತಕ್ಕದ್ದು.