ವಿಯೆನ್ನಾದ ವಾಸ್ತುಶಿಲ್ಪಿಯೂ ಅಮೆರಿಕದ ಮಾಲೂ

ಬೋಳುಗೋಡೆಗಳ ಹಿಂದೆ ಅಂಗಡಿಸಾಲುಗಳನ್ನು ಅಡಗಿಸಿಕೊಂಡು, ಸುತ್ತಲೂ ಮೋಟಾರುಗಳ ನಿಲುಗಡೆಗೆಂದು ವಿಶಾಲವಾದ ಬಯಲನ್ನು ಹಾಸಿಕೊಂಡು ನಿಂತಿರುವ ಮಾಲ್ ಎಂಬ ಕಟ್ಟಡದ ಸ್ವರೂಪವನ್ನು ಮೊದಲು ನಿರ್ಧರಿಸಿದವರಲ್ಲಿ ಅಗ್ರಗಣ್ಯನಾದವನು ವರ್ತಕನಲ್ಲ. 1903ರಲ್ಲಿ ವಿಯೆನ್ನಾದಲ್ಲಿ ಜನಿಸಿ, 1938ರಲ್ಲಿ ನಾಜಿಗಳು ಆಸ್ಟ್ರಿಯವನ್ನು ವಶಪಡಿಸಿಕೊಂಡಾಗ ಯೆಹೂದ್ಯನಾದ ಕಾರಣ ದೇಶಭ್ರಷ್ಟನಾಗಿ ಅಮೆರಿಕವನ್ನು ಸೇರಿದ ವಿಕ್ಟರ್ ಗ್ರೂಯೆನ್ ಎಂಬ ವಾಸ್ತುಶಿಲ್ಪಿ. ನಡೆದು ತಿರುಗುವ ಬೀದಿಗಳಲ್ಲಿಯೂ ಕಾಫಿಮನೆಗಳ ಗೋಷ್ಠಿಗಳಲ್ಲಿಯೂ ಬೆಳೆದ ಆತನಿಗೆ, ಯುದ್ಧಾನಂತರ ಊರಾಚೆ ಹಬ್ಬಿದ ಅಮೆರಿಕದ ಉಪನಗರಗಳಲ್ಲಿ ಕಾರಿಲ್ಲದೆ ಒಂದು ಬಾಟಲಿ ಹಾಲನ್ನೂ ತರಲಾರದ ಜೀವನವು ಅಸಹನೀಯವಾಗಿ ತೋರಿದುದು ಸಹಜವೇ. ಜನ ಕಲೆಯುವ ಸ್ಥಳವೊಂದನ್ನು ಅಲ್ಲಿ ಕಟ್ಟಿಕೊಡಬೇಕೆಂಬುದು ಆತನ ಹಂಬಲ.

1954ರಲ್ಲಿ ಡೆಟ್ರಾಯಿಟ್ ನಗರದ ಹೊರವಲಯದಲ್ಲಿ, ಹಡ್ಸನ್ಸ್ ಎಂಬ ಪ್ರಖ್ಯಾತ ಮಳಿಗೆಯವರಿಗಾಗಿ ಆತ ರಚಿಸಿದ ನಾರ್ತ್‌ಲ್ಯಾಂಡ್ ಇನ್ನೂ ತೆರೆದ ಅಂಗಳಗಳ ಪೇಟೆಯಾಗಿತ್ತು. ಎರಡು ವರ್ಷಗಳ ತರುವಾಯ, 1956ರ ಅಕ್ಟೋಬರ್ 8ರಂದು, ಮಿನಿಯಾಪೊಲಿಸ್ ಸಮೀಪದ ಎಡೈನಾದಲ್ಲಿ ಬಾಗಿಲು ತೆರೆದ ಸೌತ್‌ಡೇಲ್ ಮಾತ್ರ ಪೂರ್ಣವಾಗಿ ಸೂರಿನಡಿಗೆ ಬಂದಿತು. ಹೊರಗೆ ಮಿನೆಸೋಟದ ಹಿಮವು ಮೊಣಕಾಲೆತ್ತರ ಬಿದ್ದಿದ್ದರೂ ಒಳಗಿನ ಉದ್ಯಾನಾಂಗಣದಲ್ಲಿ ಉಷ್ಣಾಂಶ ಸುಮಾರು 75 ಡಿಗ್ರಿ ಫ್ಯಾರನ್‌ಹೀಟ್. ಮೇಲಿನಿಂದ ಇಳಿಯುವ ಹಗಲ ಬೆಳಕಿನಲ್ಲಿ ಮರಗಿಡಗಳು, ಮೀನಿನ ಕೊಳ, ಎತ್ತರವಾದ ಪಂಜರದಲ್ಲಿ ಬಣ್ಣಬಣ್ಣದ ಹಕ್ಕಿಗಳು, ಹ್ಯಾರಿ ಬರ್ಟೋಯಾ ಲೋಹದಲ್ಲಿ ರೂಪಿಸಿದ ಸುವರ್ಣವೃಕ್ಷಗಳು. ಡೇಟನ್ಸ್ ಮತ್ತು ಡೊನಾಲ್ಡ್‌ಸನ್ಸ್ ಎಂಬ ಪ್ರತಿಸ್ಪರ್ಧಿ ಮಳಿಗೆಗಳೆರಡನ್ನೂ ಒಂದೇ ಕಟ್ಟಡದಲ್ಲಿ ನೆಲೆಗೊಳಿಸಿ, ಅವುಗಳ ನಡುವೆ ಓಡಾಡುವ ಜನಪ್ರವಾಹದಿಂದ ಸಣ್ಣ ಅಂಗಡಿಗಳು ಬದುಕುವಂತೆ ಮಾಡಿದ ಉಪಾಯವನ್ನು ಮುಂದಿನ ಅನೇಕ ಮಾಲುಗಳು ಅನುಸರಿಸಿದುವು.

ಆದರೆ ಗ್ರೂಯೆನ್ನನ ನಕ್ಷೆಯಲ್ಲಿ ಈ ಅಂಗಡಿಗಳು ಒಂದು ಭಾಗ ಮಾತ್ರವಾಗಿದ್ದುವೆಂಬುದನ್ನು ಮರೆಯುವುದು ಆತನಿಗೆ ಎಸಗುವ ಅನ್ಯಾಯವೇ ಸರಿ. ಸುತ್ತಲೂ ವಸತಿಗಳು, ಶಾಲೆ, ಚಿಕಿತ್ಸಾಲಯ, ಉದ್ಯಾನ, ಸರೋವರ ಇವೆಲ್ಲವೂ ಅದರಲ್ಲಿದ್ದುವು. ಆತ ಬರೆದಂತೆ ಅವು ಕೈಗೂಡಲಿಲ್ಲ. ಹೊಸ ಕಟ್ಟಡದ ಸವಕಳಿಯನ್ನು ಮೊದಮೊದಲ ವರ್ಷಗಳಲ್ಲಿಯೇ ಹೆಚ್ಚಾಗಿ ತೋರಿಸಿ ತೆರಿಗೆಯನ್ನು ತಗ್ಗಿಸಿಕೊಳ್ಳಲು ಅವಕಾಶವಿತ್ತ 1954ರ ಕಾನೂನು, ಹಳೆಯ ಪೇಟೆಯ ಜೀರ್ಣೋದ್ಧಾರಕ್ಕಿಂತ ಊರಾಚೆಯ ಬಯಲಿನಲ್ಲಿ ಹೊಸದನ್ನು ಕಟ್ಟುವುದನ್ನೇ ಲಾಭಕರವಾಗಿಸಿತು. 41,000 ಮೈಲಿಗಳ ಹೆದ್ದಾರಿಜಾಲಕ್ಕೆ ಅನುಮತಿಯಿತ್ತ 1956ರ ಶಾಸನವು ಗಿರಾಕಿಗಳನ್ನು ಅಲ್ಲಿಗೆ ಒಯ್ಯುವ ದಾರಿಯನ್ನೂ ಒದಗಿಸಿತು. ಹಣ ಹೂಡುವವರಿಗೆ ಬೇಕಾದುದು ಬಾಡಿಗೆ ತರುವ ಮಳಿಗೆಗಳೇ ಹೊರತು ಶಾಲೆಯೂ ಅಲ್ಲ, ಸರೋವರವೂ ಅಲ್ಲ.

ಇದರ ಫಲವನ್ನು ಅತ್ಯಂತ ಕಠೋರವಾಗಿ ಅನುಭವಿಸಿದುದು ಡೆಟ್ರಾಯಿಟ್. ನಗರಮಧ್ಯದಲ್ಲಿ ತಲೆಮಾರುಗಳ ಕಾಲ ವೈಭವದಿಂದ ಮೆರೆದ ಹಡ್ಸನ್ಸ್ ಮಳಿಗೆ 1983ರಲ್ಲಿ ಮುಚ್ಚಿತು; 1998ರಲ್ಲಿ ಆ ಭವ್ಯ ಕಟ್ಟಡವನ್ನು ಸ್ಫೋಟಕಗಳಿಂದ ಉರುಳಿಸಿದರು. ಅದರ ಗಿರಾಕಿಗಳನ್ನು ಸೆಳೆದುಕೊಂಡ ನಾರ್ತ್‌ಲ್ಯಾಂಡ್ ತಾನೂ 2015ರಲ್ಲಿ ಮುಚ್ಚಿಹೋಯಿತು. ಗ್ರೂಯೆನ್ ಇದನ್ನೆಲ್ಲ ನೋಡಲು ಉಳಿದಿರಲಿಲ್ಲ, 1980ರಲ್ಲಿಯೇ ತೀರಿಕೊಂಡನು. ಆದರೆ ತನ್ನ ಹೆಸರಿನಲ್ಲಿ ಬೆಳೆದ ಆ ಸಂತಾನವನ್ನು ತನ್ನದೆಂದು ಒಪ್ಪಲಾರೆನೆಂದು 1978ರಲ್ಲಿ ಲಂಡನ್ನಿನಲ್ಲಿ ನಿಷ್ಠುರವಾಗಿ ನುಡಿದಿದ್ದನು. ಆ ಮಾತಿನಲ್ಲಿ ಕೋಪಕ್ಕಿಂತ ವ್ಯಥೆಯೇ ಮಿಗಿಲಾಗಿತ್ತೆಂದು ನನ್ನ ಭಾವನೆ. ವಾಹನಗಳಿಗೆ ಮೀಸಲಾಗಿದ್ದ ಸೌತ್‌ಡೇಲಿನ ಬಯಲಿನ ಒಂದಂಚಿನಲ್ಲಿ ಈಗ ವಸತಿಗೃಹಗಳನ್ನು ಕಟ್ಟಿದ್ದಾರೆ. ಆತ 1956ಕ್ಕೂ ಮೊದಲೇ ನಕ್ಷೆಯಲ್ಲಿ ಬರೆದು ಕೇಳಿದ್ದುದೂ ಅದನ್ನೇ.