ವಿನೋದದ ಪಾತ್ರದಿಂದ ರಾಷ್ಟ್ರಪ್ರಶಸ್ತಿಗೆ: ಶ್ರೀಮತಿ ಉಮಾಶ್ರೀ

ನಾಟಕವಿರಲಿ ಚಲಚ್ಚಿತ್ರವಿರಲಿ, ವಿನೋದದ ಪಾತ್ರದ ಹೆಂಗಸು ಕಾಣಿಸಿಕೊಂಡೊಡನೆ ತೂಕಡಿಸುತ್ತಿದ್ದವರೂ ಎಚ್ಚೆತ್ತು ಕುಳಿತುಕೊಳ್ಳುವರು. ಆದರೆ ಮರುದಿನ ಮನೆಮನೆಯಲ್ಲಿ ಹೊಗಳಿಕೆ ಸಲ್ಲುವದು ನಾಯಕಿಗೆ. ನಗಿಸಿದ ಗಂಡಸಿಗೆ ಬಿರುದು ಕೊಡುವ ನಾವು ನಗಿಸಿದ ಹೆಂಗಸನ್ನು ಬಾಯಿಬಡುಕಿ ಎಂದುಬಿಡುತ್ತೇವೆ. ಶ್ರೀಮತಿ ಉಮಾಶ್ರೀಯವರು ಇಂಥ ಮಾತನ್ನು ಬಹುಕಾಲ ಹೊತ್ತು ನಡೆದವರು.

ಅವರು ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಬೇಕಾದ ಸ್ಥಿತಿಯಲ್ಲಿ ನಟನೆಯೇ ಅನ್ನದ ದಾರಿಯಾಯಿತು. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ. ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ, ಕಳೆದ ಹುಂಜವನ್ನು ಹುಡುಕುತ್ತ ಅಲೆಯುವ ಮುದುಕಿ ಸಾಕವ್ವನಾದವರು ಇನ್ನೂ ಎಳೆಯ ವಯಸ್ಸಿನ ಈ ನಟಿಯೇ. ಆ ಸಾಕವ್ವನನ್ನು ಕಂಡವರು ಮರೆತಿಲ್ಲ.

1984ರಲ್ಲಿ ಕಾಶೀನಾಥರ ‘ಅನುಭವ’ ಬಂದಿತು, ಹೆಸರೂ ಬಂದಿತು. ಅದರ ಬೆನ್ನಿಗೆ ಹಾಸ್ಯಪಾತ್ರಗಳ ಸಾಲು. ಎನ್. ಎಸ್. ರಾವ್ ಅವರೊಡನೆ ಇವರ ಜೋಡಿ ಜನಪ್ರಿಯವಾಯಿತು. ಆ ಕಾಲದ ಹಾಸ್ಯದಲ್ಲಿ ಎರಡರ್ಥದ ಮಾತುಗಳು ಬಹಳ. ಮಕ್ಕಳೊಡನೆ ಕುಳಿತು ನೋಡಲು ಗೃಹಸ್ಥರು ಹಿಂಜರಿದುದು ಸುಳ್ಳಲ್ಲ. ಆದರೆ ಆ ಮಾತುಗಳನ್ನು ಬರೆದವರು ಬೇರೆಯವರು, ಕಾಸು ಕೊಟ್ಟು ನೋಡಿದವರು ನಾವು; ಅಪವಾದ ಮಾತ್ರ ಆಡಿದವಳ ಪಾಲಿಗೆ! ಹಗುರಾದ ಮಾತಿನಲ್ಲಿಯೂ ಅವರ ಹಳ್ಳಿಯ ನುಡಿ, ತಡೆದು ಹೇಳುವ ಹದ, ಸೊಂಟಕ್ಕೆ ಕೈಯಿಟ್ಟು ನಿಲ್ಲುವ ಠೀವಿ, ಇವು ಪಳಗಿದ ಕಲಾವಿದೆಯವೆಂಬುದನ್ನು ಬಲ್ಲವರು ಆಗಲೇ ಬಲ್ಲರು.

ಗಿರೀಶ ಕಾಸರವಳ್ಳಿಯವರು ಅದನ್ನು ಬಲ್ಲವರು. ವೈದೇಹಿಯವರ ಕಥೆಯನ್ನಾಧರಿಸಿದ ‘ಗುಲಾಬಿ ಟಾಕೀಸ್’ನಲ್ಲಿ ಸೂಲಗಿತ್ತಿ ಗುಲಾಬಿಯ ಪಾತ್ರವನ್ನು ಉಮಾಶ್ರೀಯವರಿಗೆ ಕೊಟ್ಟರು. ಕಡಲ ತೀರದ ಮೀನುಗಾರರ ನಡುವೆ ಬಾಳುವ ಈ ಮುಸಲ್ಮಾನ ಹೆಂಗಸಿಗೆ ಗಂಡನ ಆಸರೆಯಿಲ್ಲ, ಸಿನಿಮಾದ ಹುಚ್ಚು ಮಾತ್ರ ಅಪಾರ. ಹೆರಿಗೆ ಮಾಡಿಸಿದ್ದಕ್ಕೆ ಅವಳ ಗುಡಿಸಲಿಗೆ ಟಿ.ವಿ. ಬರುವದು, ನೆರೆಹೊರೆಯ ಹೆಂಗಸರು ನೆರೆಯುವರು. ಮುಂದೆ ಕಾರ್ಗಿಲ್ ಯುದ್ಧದ ದಿನಗಳ ಸಂಶಯ ಊರನ್ನು ಹೊಕ್ಕಾಗ ಅದೇ ಗುಡಿಸಲು ಬರಿದಾಗುವದು. ಪರದೆಯನ್ನು ನೋಡುತ್ತ ಹಿಗ್ಗುವ ಆ ಮುಖದಲ್ಲಿ ಹಳೆಯ ನಗೆಯೇ ಇದೆ. ಈ ಸಲ ನೋಡುವವರ ಗಂಟಲು ಕಟ್ಟುತ್ತದೆ. 2007ನೆಯ ಸಾಲಿನ ಅತ್ಯುತ್ತಮ ನಟಿಯೆಂಬ ರಾಷ್ಟ್ರಪ್ರಶಸ್ತಿ ಇದಕ್ಕೇ ದೊರೆಯಿತು.

ಏಕಸಂಬಿ, ಚಿಕ್ಕೋಡಿಯ ಕಡೆಯವರಿಗೆ ಅವರು ದೂರದವರೇನಲ್ಲ. ರಾಯಬಾಗದ ಮೂಡಲಿಗಿರುವ ತೇರದಾಳ ಕ್ಷೇತ್ರದಿಂದ, ರಬಕವಿ-ಬನಹಟ್ಟಿಯ ನೇಕಾರರ ನಾಡಿನಿಂದ, 2013ರಲ್ಲಿ ವಿಧಾನಸಭೆಗೆ ಆರಿಸಿ ಬಂದರು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳ ಮಂತ್ರಿಯಾದರು. 2018ರಲ್ಲಿ ಅಲ್ಲಿಯೇ ಸೋತರು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ರಾಜಕಾರಣದ ಲೆಕ್ಕ ಇಷ್ಟು ಸಾಕು.

ಸೋತ ಮೇಲೆ ಬಣ್ಣವನ್ನು ಮರೆಯಲಿಲ್ಲವೆಂಬದೇ ನಮಗೆ ಹೆಚ್ಚಿನದು. 2021ರ ಡಿಸೆಂಬರದಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ, ಗಂಡುಮಗುವಿಲ್ಲವೆಂದು ಗಂಡನಿಂದ ದೂರಾಗಿ ಮೆಸ್ಸು ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುವ ತಾಯಿಯಾದರು. ಹಿಂದೆ ಇವರ ಚಿತ್ರವೆಂದರೆ ಮುಖ ತಿರುಗಿಸಿದ ಮನೆಗಳಲ್ಲಿಯೇ ಸಂಜೆಯ ಅಡಿಗೆಯನ್ನು ಬೇಗ ಮುಗಿಸಿ ಪುಟ್ಟಕ್ಕನಿಗಾಗಿ ಕಾಯುವದು ರೂಢಿಯಾಯಿತು. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಯಕ್ಷಗಾನದ ರಂಗವನ್ನೂ ಏರಿದರು. ಅರುವತ್ತೇಳರ ವಯಸ್ಸಿನಲ್ಲಿ ಅವರು ಕಟ್ಟಿದ ವೇಷ ಮಂಥರೆಯದು.