ಪ್ರೇಮ ಕಾದಂಬರಿ: ಓರ್ವ ಓದುಗಿಯ ತಕರಾರುಗಳು

ಪತ್ತೇದಾರಿ ಕಾದಂಬರಿ ಓದುವವರನ್ನು ಯಾರೂ ಕೊಲೆಗಾರರೆಂದು ಶಂಕಿಸುವುದಿಲ್ಲ. ಆದರೆ ಹೆಂಗಸೊಬ್ಬಳ ಕೈಯಲ್ಲಿ ಪ್ರೇಮ ಕಾದಂಬರಿ ಕಂಡರೆ ಸಾಕು, ನೋಡುವವರ ಮುಖದಲ್ಲಿ ಒಂದು ಕಳ್ಳ ನಗು ಮೂಡುತ್ತದೆ. ಮದುವೆಯಾಗದವಳಾದರೆ ‘ಇವಳ ಮೇಲೆ ಒಂದು ಕಣ್ಣಿಡಬೇಕು’ ಎನ್ನುತ್ತಾರೆ. ಮದುವೆಯಾದವಳಾದರೆ ‘ಮನೆಯಲ್ಲಿ ಕೆಲಸವಿಲ್ಲವೇ?’ ಎಂದು ಕೇಳುತ್ತಾರೆ. ನಾನು ಎರಡನ್ನೂ ಕೇಳಿಸಿಕೊಂಡವಳು. ಬಾಡಿಗೆ ಲೈಬ್ರರಿಯಿಂದ ತಂದ ತ್ರಿವೇಣಿ, ಸಾಯಿಸುತೆಯವರ ಕಾದಂಬರಿಗಳಿಂದ ಶುರುವಾದ ಈ ಅಭ್ಯಾಸ ಈಗ ಮೊಬೈಲಿನಲ್ಲಿ ಕೇಳುವ ಧ್ವನಿಪುಸ್ತಕಗಳವರೆಗೆ ಬಂದಿದೆ. ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಪ್ರೇಮ ಕಾದಂಬರಿಗಿರುವುದು ಎರಡೇ ನಿಯಮ. ಇಬ್ಬರ ಪ್ರೀತಿ ಕಥೆಯ ಕೇಂದ್ರದಲ್ಲಿರಬೇಕು, ಕೊನೆ ಸುಖವಾಗಿರಬೇಕು. ‘ಕೊನೆ ಮೊದಲೇ ಗೊತ್ತಿದ್ದರೆ ಓದುವುದೇಕೆ?’ ಎಂದು ಬುದ್ಧಿವಂತರು ಕೇಳುತ್ತಾರೆ. ಮದುವೆಗೆ ಹೋಗುವವರಿಗೂ ಅಲ್ಲಿ ನಿಕಾಹ್ ನಡೆಯುತ್ತದೆ ಎಂಬುದು ಗೊತ್ತೇ ಇರುತ್ತದೆ. ಆದರೂ ಹೊಸ ಬಟ್ಟೆ ಉಟ್ಟು ಹೋಗುವುದಿಲ್ಲವೇ? ಏನಾಗುತ್ತದೆ ಎನ್ನುವುದಕ್ಕಿಂತ ಹೇಗಾಗುತ್ತದೆ ಎನ್ನುವುದರಲ್ಲಿ ಇಲ್ಲಿ ಓದಿನ ಸುಖವಿದೆ. ಆದ್ದರಿಂದ ನನ್ನ ತಕರಾರು ಸುಖಾಂತ್ಯದ ಮೇಲಲ್ಲ, ಪ್ರೀತಿಯ ಮೇಲೂ ಅಲ್ಲ. ಈ ಪುಸ್ತಕಗಳ ನಾಯಕನ ಮೇಲೆ.

ಈ ನಾಯಕನ ಮುತ್ತಜ್ಜನೊಬ್ಬನನ್ನು ಇಲ್ಲಿ ಪರಿಚಯಿಸಬೇಕು. 1919ರಲ್ಲಿ ಇ. ಎಂ. ಹಲ್ ಎಂಬ ಇಂಗ್ಲಿಷ್ ಲೇಖಕಿ ‘ದಿ ಶೇಖ್’ ಎಂಬ ಕಾದಂಬರಿ ಬರೆದರು. ಮರುಭೂಮಿಯ ಅರಬ್ ಶೇಖ್ ಒಬ್ಬ ಇಂಗ್ಲಿಷ್ ಯುವತಿಯನ್ನು ಅಪಹರಿಸುತ್ತಾನೆ, ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಕೊನೆಗೆ ಅವಳು ಅವನನ್ನೇ ಪ್ರೀತಿಸುತ್ತಾಳೆ! 1921ರಲ್ಲಿ ರುಡಾಲ್ಫ್ ವ್ಯಾಲೆಂಟಿನೊ ನಾಯಕನಾಗಿ ಇದು ಸಿನಿಮಾ ಆಯಿತು. ತಮಾಷೆಯೆಂದರೆ, ಕಥೆಯ ಕೊನೆಯಲ್ಲಿ ಆ ಶೇಖ್ ಅರಬನೇ ಅಲ್ಲ, ಇಂಗ್ಲಿಷ್ ತಂದೆಗೆ ಹುಟ್ಟಿದವನು ಎಂಬ ಗುಟ್ಟು ಹೊರಬೀಳುತ್ತದೆ. ಅಂದರೆ ಅಪಹರಣ, ಅತ್ಯಾಚಾರಗಳೆಲ್ಲ ಓದುಗರಿಗೆ ಸಹ್ಯ, ಅಳಿಯ ಮಾತ್ರ ಅರಬನಾಗಬಾರದು. 1908ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮಿಲ್ಸ್ ಆ್ಯಂಡ್ ಬೂನ್ ಪ್ರಕಾಶನದ ಪಟ್ಟಿಯಲ್ಲಿ ಇಂತಹ ಶೇಖ್‌ಗಳ ಸಂತಾನ ಬೆಳೆಯುತ್ತಲೇ ಬಂತು. ಭೂಪಟದಲ್ಲಿಲ್ಲದ ಮರುಭೂಮಿ ರಾಜ್ಯ, ಖಾಸಗಿ ವಿಮಾನ, ಅರಮನೆ. ಈ ಶೇಖ್‌ಗಳಿಗೆ ನಮಾಝಿನ ಹೊತ್ತು ಎಂಬುದಿರುವುದಿಲ್ಲ, ರಮಝಾನ್ ಬರುವುದಿಲ್ಲ, ‘ಊಟ ಆಯಿತಾ ಮಗಾ’ ಎಂದು ಕೇಳುವ ತಾಯಿಯೂ ಅಪರೂಪ. ತಲೆಗೆ ಸುತ್ತಿದ ಬಟ್ಟೆಯೊಂದೇ ಅವರ ಅರಬ್ ಗುರುತು.

ಇಂದು ಮೊಬೈಲಿನಲ್ಲಿ ಕಂತು ಕಂತಾಗಿ ಬರುವ ಪ್ರೇಮಕಥೆಗಳಲ್ಲಿ ಶೇಖ್‌ನ ಜಾಗಕ್ಕೆ ಕಂಪೆನಿಯ ಮಾಲಕ ಬಂದಿದ್ದಾನೆ. ಸ್ವಭಾವ ಮಾತ್ರ ಅದೇ. ಅವಳು ಬೇಡವೆಂದರೂ ಹಿಂಬಾಲಿಸುತ್ತಾನೆ, ಅವಳ ಫೋನ್ ಪರಿಶೀಲಿಸುತ್ತಾನೆ, ಬೇರೆಯವನೊಡನೆ ಮಾತನಾಡಿದರೆ ಕೈ ಹಿಡಿದು ಎಳೆಯುತ್ತಾನೆ. ಇದಕ್ಕೆಲ್ಲ ಪ್ರೀತಿಯ ಆಳ ಎಂದು ಹೆಸರು. ನಮ್ಮ ಹುಡುಗಿಯರು ಪ್ರೇಮಕಥೆ ಓದಿ ಹಾಳಾಗುತ್ತಾರೆ ಎಂಬ ಹಿರಿಯರ ಭಯ ನನಗೆ ಅರ್ಥವಾಗುತ್ತದೆ, ಆದರೆ ನನ್ನ ಭಯ ಬೇರೆ. ಹೆಣ್ಣಿನ ‘ಬೇಡ’ ಎಂಬ ಮಾತಿಗೆ ಬೆಲೆಯಿಲ್ಲದ ಕಥೆಗಳನ್ನು ಓದುತ್ತಾ ಬೆಳೆದವಳು, ನಾಳೆ ನಿಕಾಹ್‌ಗೆ ಒಪ್ಪಿಗೆ ಕೇಳಿದಾಗ ತನ್ನ ಮಾತಿಗೂ ಬೆಲೆಯಿದೆ ಎಂದು ನಂಬುವುದು ಹೇಗೆ? ಒಪ್ಪಿಗೆಯಿಲ್ಲದೆ ನಿಕಾಹ್ ಇಲ್ಲ ಎಂದು ವೇದಿಕೆಯ ಮೇಲೆ ಎಷ್ಟು ಸಾರಿದರೂ, ರಾತ್ರಿ ಹೊದಿಕೆಯೊಳಗೆ ಓದಿದ್ದೇ ಮನಸ್ಸಿನಲ್ಲಿ ಉಳಿಯುವುದು.

ಇಂತಹ ನಾಯಕರಿಂದ ಬೇಸತ್ತಿದ್ದ ನನಗೆ ಸಮಾಧಾನ ಕೊಟ್ಟದ್ದು ಉಝ್ಮಾ ಜಲಾಲುದ್ದೀನ್ ಎಂಬ ಕೆನಡಾದ ಲೇಖಕಿ. ಅವರ ‘ಆಯೆಶಾ ಅಟ್ ಲಾಸ್ಟ್’ 2018ರಲ್ಲಿ ಬಂತು. ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಕಥೆಯನ್ನು ಅವರು ಟೊರಾಂಟೊ ನಗರದ ಮುಸ್ಲಿಮರ ನಡುವೆ ತಂದಿಟ್ಟಿದ್ದಾರೆ. ಆಯೆಶಾ ಹೈದರಾಬಾದ್ ಮೂಲದ ಕುಟುಂಬದವಳು, ಬದಲಿ ಶಿಕ್ಷಕಿ, ಮನಸ್ಸಿನಲ್ಲಿ ಕವಯಿತ್ರಿ. ಮಾತುಮಾತಿಗೂ ಶೇಕ್ಸ್‌ಪಿಯರ್‌ನ ಸಾಲು ಹೇಳುವ ಅಜ್ಜ ಅವಳಿಗಿದ್ದಾರೆ. ಖಾಲಿದ್ ಗಡ್ಡ ಬಿಟ್ಟು, ಟೋಪಿ ಮತ್ತು ಉದ್ದ ನಿಲುವಂಗಿ ತೊಟ್ಟು ಆಫೀಸಿಗೆ ಹೋಗುವ ಯುವಕ. ತಾಯಿ ಯಾರನ್ನು ತೋರಿಸುತ್ತಾರೋ ಅವಳನ್ನೇ ಮದುವೆಯಾಗುವವನು. ಇಂತಹ ವೇಷದ ಹುಡುಗ ಇಂಗ್ಲಿಷ್ ಕಾದಂಬರಿಯಲ್ಲಿ ಸಾಮಾನ್ಯವಾಗಿ ಖಳನಾಯಕ ಅಥವಾ ಭಯೋತ್ಪಾದಕ. ಇಲ್ಲಿ ಅವನೇ ನಾಯಕ. ಅವನು ಗಡ್ಡ ಬೋಳಿಸಿಕೊಂಡ ಮೇಲೆ ಒಳ್ಳೆಯವನಾಗುವುದಿಲ್ಲ. ಇತರರನ್ನು ನೋಡಿದ ಕೂಡಲೇ ತೀರ್ಪು ಕೊಡುವ ಚಟ ಬಿಟ್ಟಾಗ ಒಳ್ಳೆಯವನಾಗುತ್ತಾನೆ. ಆಯೆಶಾಳಿಗೂ ಅದೇ ಚಟವಿದೆ. ಅವನ ಗಡ್ಡ ನೋಡಿಯೇ ಅವಳು ತೀರ್ಪು ಬರೆದಿರುತ್ತಾಳೆ.

ಕಾದಂಬರಿಯಲ್ಲಿ ನನ್ನನ್ನು ಕಾಡಿದ ಪಾತ್ರ ಮಾತ್ರ ಇವರಿಬ್ಬರದಲ್ಲ, ಖಾಲಿದ್‌ನ ಅಕ್ಕ ಝರೀನಾಳದು. ಶಿಕ್ಷೆಯೆಂಬಂತೆ ಅವಳನ್ನು ಭಾರತಕ್ಕೆ ಕಳಿಸಿ ಮದುವೆ ಮಾಡಿಬಿಟ್ಟಿರುತ್ತಾರೆ. ‘ಧಾರ್ಮಿಕ ಮನೆತನ’ ಎಂಬ ಹೆಸರಿನಡಿ ನಡೆಯುವ ಈ ಅನ್ಯಾಯವನ್ನು ಲೇಖಕಿ ಮುಚ್ಚಿಡುವುದಿಲ್ಲ. ಕಥೆಯ ಕೊನೆಯ ಭಾಗದಲ್ಲಿ ಕಾಕತಾಳೀಯಗಳು ಒಂದರ ಮೇಲೊಂದು ಬಂದು ಬೀಳುತ್ತವೆ ಎಂಬುದು ನಿಜ. ಖಾಲಿದ್‌ನ ತಾಯಿಯಂತೂ ಟಿ.ವಿ. ಧಾರಾವಾಹಿಯ ಅತ್ತೆಯೇ ಸರಿ. ಆದರೂ ಒಂದೇ ಒಂದು ಸ್ಪರ್ಶವಿಲ್ಲದೆ ಪುಟ ತಿರುಗಿಸುವ ಕುತೂಹಲ ಹುಟ್ಟಿಸಬಹುದು ಎಂಬುದನ್ನು ಈ ಪುಸ್ತಕ ತೋರಿಸಿದೆ. ಎಸ್. ಕೆ. ಅಲಿಯವರ ‘ಲವ್ ಫ್ರಮ್ ಎ ಟು ಝಡ್’ (2019) ಕೂಡ ಇದೇ ಜಾತಿಯದು. ಅದರ ಮುಂದಿನ ಭಾಗ ‘ಲವ್ ಫ್ರಮ್ ಮೆಕ್ಕಾ ಟು ಮದೀನಾ’ (2022) ನನಗೆ ಹೆಚ್ಚು ಇಷ್ಟ. ಏಕೆಂದರೆ ಅದು ನಿಕಾಹ್ ಆದ ನಂತರದ ಕಥೆ. ದೂರ, ಹಣದ ಅಡಚಣೆ, ಗಂಡನ ಕಾಯಿಲೆ ಇವುಗಳ ನಡುವೆ ಉಮ್ರಾಕ್ಕೆ ಹೊರಟ ಎಳೆಯ ದಂಪತಿ. ಮದುವೆಯ ದಿನ ಮುಗಿದುಹೋಗುವ ಪ್ರೀತಿಗಿಂತ ಅಲ್ಲಿಂದ ಶುರುವಾಗುವ ಪ್ರೀತಿಯನ್ನು ಬರೆಯುವುದು ಕಷ್ಟ.

ಇವೆಲ್ಲಕ್ಕಿಂತ ಮೊದಲಿನದು, ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡದು, ಸುಡಾನಿನ ಲೇಖಕಿ ಲೈಲಾ ಅಬುಲೇಲಾ ಅವರ ‘ದಿ ಟ್ರಾನ್ಸ್‌ಲೇಟರ್’ (1999). ವಿಧವೆ ಸಮ್ಮರ್ ಸ್ಕಾಟ್ಲೆಂಡಿನ ಅಬರ್ಡೀನ್‌ನ ವಿಶ್ವವಿದ್ಯಾಲಯದಲ್ಲಿ ಅರಬಿಯಿಂದ ಅನುವಾದ ಮಾಡುವವಳು. ಮಗುವನ್ನು ಖಾರ್ಟೂಮ್‌ನಲ್ಲಿ ಬಿಟ್ಟು ಬಂದವಳು. ಇಸ್ಲಾಮಿನ ಬಗ್ಗೆ ಪುಸ್ತಕ ಬರೆಯುವ, ಆದರೆ ವಿಶ್ವಾಸವಿಲ್ಲದ ಪ್ರೊಫೆಸರ್ ರೇ ಮೇಲೆ ಅವಳಿಗೆ ಪ್ರೀತಿ ಹುಟ್ಟುತ್ತದೆ. ಕಲಿಮಾ ಹೇಳಿಬಿಡಿ, ಮದುವೆಯಾಗೋಣ ಎಂದು ಅವಳು ಬೇಡುತ್ತಾಳೆ, ಅವನು ಒಪ್ಪುವುದಿಲ್ಲ. ಸಾಧಾರಣ ಲೇಖಕಿಯಾಗಿದ್ದರೆ ಅವನಿಂದ ಅಲ್ಲೇ ‘ಹೂಂ’ ಅನ್ನಿಸಿ ಬಿರಿಯಾನಿ ಬಡಿಸಿಬಿಡುತ್ತಿದ್ದರು. ಇಲ್ಲಿ ಸಮ್ಮರ್ ಊರಿಗೆ ಮರಳುತ್ತಾಳೆ. ಅವನ ಒಳಿತಿಗಾಗಿ ಅಲ್ಲ, ತನ್ನ ಸುಖಕ್ಕಾಗಿ ತಾನು ಪ್ರಾರ್ಥಿಸುತ್ತಿದ್ದೆ ಎಂಬುದು ಅವಳಿಗೆ ಮೆಲ್ಲಮೆಲ್ಲನೆ ತಿಳಿಯುತ್ತದೆ. ಆಮೇಲೆ ಸುಖಾಂತ್ಯವೂ ಇದೆ, ಗಾಬರಿಯಾಗಬೇಡಿ. ಆದರೆ ಆ ಕೊನೆಗೆ ಅವಳು ಬೆಲೆ ತೆತ್ತಿರುತ್ತಾಳೆ.

ಟೊರಾಂಟೊ, ಅಬರ್ಡೀನ್ ಎಲ್ಲ ಇಂಗ್ಲಿಷ್ ಬಲ್ಲವರ ಲೋಕವಾಯಿತು. ತಮ್ಮ ಭಾಷೆಯಲ್ಲೇ ಪ್ರೇಮಕಥೆ ಬರೆದು, ತಮ್ಮ ಪೇಟೆಯಲ್ಲೇ ಮಾರಿದ ಮುಸ್ಲಿಮ್ ಮಹಿಳೆಯರ ವಿಷಯ ತಿಳಿಯಬೇಕಾದರೆ ಉತ್ತರ ನೈಜೀರಿಯಾದ ಕಾನೊ ನಗರಕ್ಕೆ ಹೋಗಬೇಕು. ಅಲ್ಲಿ ಹೌಸಾ ಭಾಷೆಯಲ್ಲಿ ‘ಸೊಯಯ್ಯ’, ಅಂದರೆ ಪ್ರೀತಿಯ ಪುಸ್ತಕಗಳು ಎಂಬ ಒಂದು ಪ್ರಕಾರವೇ ಇದೆ. ತೆಳ್ಳನೆಯ ಅಗ್ಗದ ಪುಸ್ತಕ, ಮುಖಪುಟದಲ್ಲಿ ಫೋಟೊ, ಒಂದೇ ಕಥೆ ಎರಡು ಮೂರು ಭಾಗಗಳಲ್ಲಿ. 1980ರ ದಶಕದ ಕೊನೆಯಿಂದ ಇವು ಮಾರುಕಟ್ಟೆಯಲ್ಲಿ ರಾಶಿ ಬೀಳತೊಡಗಿದವು. ಬರೆಯುವವರಲ್ಲಿ ಹೆಚ್ಚಿನವರು ಗೃಹಿಣಿಯರು. ಹೆಸರು ಪ್ರೀತಿಯದಾದರೂ ಒಳಗೆ ಬಲವಂತದ ಮದುವೆ, ಸವತಿಯರ ಜಗಳ, ಓದು ನಿಂತುಹೋದ ಹುಡುಗಿಯರ ಸಂಕಟ.

ಇವರಲ್ಲಿ ಹೆಸರಾದವರು ಬಲರಬಾ ರಮತ್ ಯಾಕೂಬು. ಎಳೆಯ ವಯಸ್ಸಿನಲ್ಲೇ ಅವರಿಗೆ ಮದುವೆ ಮಾಡಲಾಗಿತ್ತು. ತಲಾಕ್ ಆಗಿ ತವರಿಗೆ ಬಂದ ಮೇಲೆ ಅಕ್ಷರ ಕಲಿತು ಲೇಖಕಿಯಾದರು. 1990ರ ಅವರ ‘ಅಲ್ಹಾಕಿ ಕುಯ್‌ಕುಯೊ ನೆ’ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ್ದು ಯಾರು ಗೊತ್ತೇ? ನಮ್ಮ ಪಕ್ಕದ ಚೆನ್ನೈಯ ಬ್ಲಾಫ್ಟ್ ಪ್ರಕಾಶನ, 2012ರಲ್ಲಿ. ಪಾಪವೆಂಬುದು ನಾಯಿಮರಿಯ ಹಾಗೆ ಮನೆತನಕ ಹಿಂಬಾಲಿಸಿ ಬರುತ್ತದೆ ಎಂಬ ಅರ್ಥದ ಶೀರ್ಷಿಕೆ. ಹಣವಂತ ವ್ಯಾಪಾರಿಯೊಬ್ಬ ನಡತೆಗೆಟ್ಟ ಹೆಣ್ಣೊಬ್ಬಳನ್ನು ತಂದು, ಹೆಂಡತಿ ರಾಬಿಯನ್ನು ಮಕ್ಕಳ ಸಮೇತ ಹೊರಹಾಕುತ್ತಾನೆ. ರಾಬಿ ಅಡುಗೆ ಮಾಡಿ ಮಾರಿ ಮಕ್ಕಳನ್ನು ಸಾಕುತ್ತಾಳೆ. ಅವನು ದಿವಾಳಿಯಾದ ಮೇಲೆ ಮತ್ತೆ ಅವನ ಜೊತೆ ಬಾಳು ಎಂದು ಎಲ್ಲರೂ ಅವಳನ್ನೇ ಒತ್ತಾಯಿಸುತ್ತಾರೆ. ಸುಖಾಂತ್ಯದ ವೇಷ ತೊಟ್ಟ ಈ ಕೊನೆ ಓದಿ ನನಗೆ ಸಿಟ್ಟು ಬಂತು. ಆದರೆ ನಮ್ಮ ಓಣಿಯಲ್ಲೂ ಪಂಚಾಯ್ತಿ ಹೀಗೆಯೇ ಮುಗಿಯುವುದಲ್ಲವೇ?

2007ರಲ್ಲಿ ಕಾನೊ ರಾಜ್ಯದ ಗವರ್ನರ್ ಇಂತಹ ಪುಸ್ತಕಗಳನ್ನು ಹುಡುಗಿಯರ ಶಾಲೆಯೊಂದರ ಆವರಣದಲ್ಲಿ ಸುಡಿಸಿದರು. ಯುವಜನರ ನಡತೆ ಕೆಡುತ್ತದೆ ಎಂಬುದು ಕಾರಣ. ಬಲವಂತದ ಮದುವೆಯ ಬಗ್ಗೆ ಬರೆದದ್ದು ಬೆಂಕಿಗೆ ಹೋಯಿತು, ಬಲವಂತದ ಮದುವೆಗಳು ಹೋಗಲಿಲ್ಲ. ಪುಸ್ತಕಗಳೂ ನಿಲ್ಲಲಿಲ್ಲ. ಅಷ್ಟೇ ಅಲ್ಲ, ಅಲ್ಲಿನ ರೇಡಿಯೋ ಕೇಂದ್ರಗಳು ಈ ಕಾದಂಬರಿಗಳನ್ನು ಕಂತುಗಳಲ್ಲಿ ಓದಿ ಬಿತ್ತರಿಸುತ್ತವೆ. ಅಕ್ಷರ ಬಾರದ, ಮನೆ ಬಿಟ್ಟು ಹೊರಬಾರದ ಹೆಂಗಸರಿಗೂ ಕಥೆ ತಲುಪುತ್ತದೆ.

ಈಗ ಧ್ವನಿಪುಸ್ತಕಗಳ ವಿಷಯ. ಇದೇನೋ ಮೊಬೈಲ್ ಕಾಲದ ಶೋಕಿ ಎಂದು ಭಾವಿಸುವವರಿದ್ದಾರೆ. 1935ರಲ್ಲೇ ಇಂಗ್ಲೆಂಡಿನಲ್ಲಿ ಅಂಧರಿಗಾಗಿ ಇಡೀ ಕಾದಂಬರಿಗಳನ್ನು ಗ್ರಾಮಫೋನ್ ತಟ್ಟೆಗಳಿಗೆ ಓದಿಸಿದ್ದರು. ಅದಕ್ಕೂ ಮೊದಲು, 1865ರಲ್ಲಿ, ಕ್ಯೂಬಾದ ಹವಾನಾ ನಗರದ ಚುಟ್ಟಾ ಕಾರ್ಖಾನೆಯಲ್ಲಿ ಕಾರ್ಮಿಕರು ಚುಟ್ಟಾ ಸುತ್ತುತ್ತಿರುವಾಗ ಗಟ್ಟಿಯಾಗಿ ಓದಿ ಹೇಳಲು ಒಬ್ಬನನ್ನು ಕೂರಿಸುವ ಪದ್ಧತಿ ಬಂತು. ಅವನ ಸಂಬಳಕ್ಕೆ ಕಾರ್ಮಿಕರೇ ತಮ್ಮ ಕೂಲಿಯಿಂದ ಪಾಲು ಹಾಕುತ್ತಿದ್ದರು. ಕೇಳಿ ಕೇಳಿ ಬುದ್ಧಿ ಬೆಳೆದರೆ ಕಷ್ಟ ಎಂದು ಮರುವರ್ಷವೇ ಸರಕಾರ ಅದನ್ನು ನಿಷೇಧಿಸಿತು! ನಿಷೇಧ ಉಳಿಯಲಿಲ್ಲ, ಓದು ಉಳಿಯಿತು. ಇದನ್ನು ಓದಿದಾಗ ನನಗೆ ನೆನಪಾದದ್ದು ದಕ್ಷಿಣ ಕನ್ನಡದ ನಮ್ಮ ಬೀಡಿ ಕಟ್ಟುವ ಹೆಂಗಸರು. ಮಡಿಲಲ್ಲಿ ತಡ್ಪೆ, ಪಕ್ಕದಲ್ಲಿ ರೇಡಿಯೋ. ಕೈ ಎಲೆ ಮತ್ತು ಹೊಗೆಸೊಪ್ಪಿಗೆ, ಕಿವಿ ಮಾತ್ರ ಖಾಲಿ.

ಧ್ವನಿಪುಸ್ತಕದಲ್ಲಿ ಪ್ರೇಮಕಥೆ ಕೇಳುವುದರಲ್ಲಿ ತೊಂದರೆಗಳೂ ಇವೆ. ಓದುವಾಗ ಮುಜುಗರದ ಪುಟ ಬಂದರೆ ಕಣ್ಣು ಹಾರಿಸಿಬಿಡಬಹುದು. ಕೇಳುವಾಗ ಕೈ ಹಿಟ್ಟಾಗಿರುತ್ತದೆ, ಎದುರಿಗೆ ಮಗ ಹೋಮ್‌ವರ್ಕ್ ಹಿಡಿದು ನಿಂತಿರುತ್ತಾನೆ, ನಾಯಕ ಕಿವಿಯೊಳಗೆ ಪಿಸುಗುಟ್ಟುತ್ತಿರುತ್ತಾನೆ. ಕೆಲವು ವಾಚಕರು ನಾಯಕಿಯ ಮಾತಿಗೆಲ್ಲ ಜೇನು ಸುರಿಯುತ್ತಾರೆ. ಅವಳು ಸಿಟ್ಟಾಗಿದ್ದಾಳೆ ಎಂಬುದು ವಾಕ್ಯದಿಂದ ತಿಳಿಯಬೇಕೇ ಹೊರತು ಧ್ವನಿಯಿಂದಲ್ಲ! ಖದೀಜಾ ಎಂಬ ಹೆಸರು ಕದಿಜಾ ಆಗುತ್ತದೆ, ಇನ್‌ಶಾ ಅಲ್ಲಾಹ್ ಬಂದಾಗ ವಾಚಕರು ಎಡವುತ್ತಾರೆ. ವೇಗ ಹೆಚ್ಚಿಸಿ ಕೇಳುವವರನ್ನಂತೂ ನಾನು ಕೈಮುಗಿದು ಬೇಡಿಕೊಳ್ಳುತ್ತೇನೆ. ಸುದ್ದಿಯನ್ನು ಹಾಗೆ ಕೇಳಿ, ಅಡ್ಡಿಯಿಲ್ಲ. ಆದರೆ ಪ್ರೇಮಕಥೆಯಲ್ಲಿ ಅರ್ಧ ಸಂಗತಿ ಇರುವುದೇ ಮಾತಿನ ನಡುವಿನ ಮೌನದಲ್ಲಿ.

ಆದರೂ ನಾನು ಕೇಳುವುದನ್ನು ಬಿಡಲಾರೆ. ಆಡಿಬಲ್ ಕಂಪೆನಿ ಭಾರತಕ್ಕೆ 2018ರಲ್ಲಿ ಬಂತು. 2020ರ ನಂತರ ಮೈಲ್ಯಾಂಗ್‌ನಂತಹ ಆ್ಯಪ್‌ಗಳಿಂದ ಕನ್ನಡದ ಕೃತಿಗಳೂ ಕಿವಿಗೆ ಸಿಗತೊಡಗಿವೆ. ಬ್ಯಾರಿ ಮಾತನಾಡುವ, ಕನ್ನಡ ತಿಳಿಯುವ, ಆದರೆ ಕನ್ನಡ ಅಕ್ಷರ ಕಲಿಯಲು ಶಾಲೆಗೆ ಹೋಗದ ಒಂದು ತಲೆಮಾರಿನ ಹೆಂಗಸರು ನಮ್ಮ ಮನೆಗಳಲ್ಲಿದ್ದಾರೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಅವರದೇ ಕಥೆ. ಅದನ್ನು ಓದಿದವರು ಮಾತ್ರ ಅವರ ಮಕ್ಕಳು. ಅದೂ ಪ್ರೇಮಕಥೆಯೇ ಎಂದು ನನ್ನ ವಾದ. ನಾದಿರಾ ಮತ್ತು ರಶೀದ್ ಗಂಡ ಹೆಂಡತಿ, ಪರಸ್ಪರ ಪ್ರೀತಿಸುವವರು. ಅವರನ್ನು ಅಗಲಿಸುವುದು ಅವಳ ತಂದೆಯ ಹಠ. ಆದರೆ ನಾದಿರಾಳ ಕಥೆ ನೀರಿನಲ್ಲಿ ಮುಗಿಯುತ್ತದೆ. ಆದ್ದರಿಂದ ನನ್ನ ಎರಡನೇ ನಿಯಮಕ್ಕೆ ಅದು ಒಗ್ಗದು. ಸಾರಾ ಅವರು ಬರೆದದ್ದು ಸತ್ಯ, ಅದನ್ನು ಬದಲಿಸಬೇಕೆಂದು ಯಾರೂ ಹೇಳಲಾರರು. ಆದರೆ ನಾದಿರಾ ಹೊಳೆ ದಾಟಿ ಗಂಡನ ಮನೆ ಸೇರುವ ಇನ್ನೊಂದು ಕನ್ನಡ ಕಾದಂಬರಿ ಬೇಕು ಎಂದು ಕೇಳಬಹುದಲ್ಲ?

ಕಥೆಗೆ ಸಾಮಗ್ರಿಯ ಬರವೇನಿಲ್ಲ. ಕೊಲ್ಲಿಗೆ ಹೋದ ಗಂಡಂದಿರು ಒಂದು ಕಾಲದಲ್ಲಿ ಪತ್ರದ ಬದಲು ಕ್ಯಾಸೆಟ್‌ನಲ್ಲಿ ಮಾತು ತುಂಬಿ ಊರಿಗೆ ಕಳಿಸುತ್ತಿದ್ದರು. 1970ರ ದಶಕದಲ್ಲಿ ಮಲಬಾರಿನ ಎಸ್. ಎ. ಜಮೀಲ್ ಬರೆದು ಹಾಡಿದ ದುಬೈ ಕತ್ತುಪಾಟ್ಟು, ಅಂದರೆ ದುಬೈಯಲ್ಲಿರುವ ಗಂಡನಿಗೆ ಹೆಂಡತಿ ಬರೆದ ಹಾಡಿನ ಪತ್ರ, ಮನೆಮನೆಗಳ ಟೇಪ್ ರೆಕಾರ್ಡರ್‌ಗಳಲ್ಲಿ ಮೊಳಗಿತು. ಎರಡು ಮೂರು ವರ್ಷಕ್ಕೊಮ್ಮೆ ಬರುವ ಗಂಡನ ಮಾತನ್ನು ಅತ್ತೆ, ಮಾವ, ನಾದಿನಿಯರ ನಡುವೆ ಕೂತು ಕೇಳಬೇಕು. ತನಗೆಂದೇ ಅವನು ಹೇಳಿದ ಒಂದು ಮಾತು ಆ ಸುರುಳಿಯ ಎಲ್ಲೋ ಒಂದು ಕಡೆ ಇರುತ್ತದೆ, ಉಳಿದವರಿಗೆ ಗೊತ್ತಾಗದಂತೆ. ಎಲ್ಲರೂ ಮಲಗಿದ ಮೇಲೆ ಅವಳು ಅದನ್ನು ಹಿಂದಕ್ಕೆ ತಿರುಗಿಸಿ, ಧ್ವನಿ ತಗ್ಗಿಸಿ, ಮತ್ತೆ ಕೇಳುತ್ತಾಳೆ. ಇದನ್ನು ಯಾರಾದರೂ ಬರೆದರೆ ಮೊದಲ ಪ್ರತಿ ನನಗಿರಲಿ. ಓದಿ ಕೇಳಿಸುವುದಾದರೆ ನಮ್ಮೂರಿನ ದನಿಯವರೇ ಓದಲಿ, ನಿಧಾನವಾಗಿ.